ಅರ್ಕಾವೊತ್ತು ಸ್ಥಳ ತಪ್ಪಿದಾಗ

ನನ್ನ ಮೈದುನನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ನಾನು ಕ್ಷಣಕಾಲ ತಡವರಿಸುವುದುಂಟು. ‘ಡಿಸೈನರ್’ ಎಂದರೆ ಕೆಲವರು ಸೀರೆಯ ಅಂಚಿನ ವಿಚಾರ ತೆಗೆಯುತ್ತಾರೆ. ಇನ್ನು ಕೆಲವರು ತಾವು ಕಟ್ಟಿಸಲಿರುವ ಮನೆಯ ನಕ್ಷೆಯನ್ನು ಅವನಿಗೊಮ್ಮೆ ತೋರಿಸಬಹುದೇ ಎಂದು ಕೇಳುತ್ತಾರೆ. ಅವನ ಕೆಲಸವೇ ಬೇರೆ. ಮೊಬೈಲ್ ಫೋನಿನ ಗಾಜಿನ ಮೇಲೆ ನಾವು ನೀವು ಒತ್ತುವ ಗುಂಡಿಗಳು ಎಲ್ಲಿರಬೇಕು, ಎಷ್ಟು ಅಗಲವಿರಬೇಕು, ಯಾವ ಬಣ್ಣದಲ್ಲಿರಬೇಕು, ಒತ್ತಿದ ಮೇಲೆ ಏನಾಗಬೇಕು ಎಂಬುದನ್ನು ಗೊತ್ತುಮಾಡುವವನು ಅವನು. ನಿಜವಾದ ಗುಂಡಿಯೊಂದೂ ಅಲ್ಲಿರುವುದಿಲ್ಲ, ಗುಂಡಿಯ ಚಿತ್ರವಷ್ಟೇ. ಮಾಯೆಯ ವಿಚಾರವನ್ನು ತರಗತಿಯಲ್ಲಿ ವಿವರಿಸುವಾಗ ಹಗ್ಗ-ಹಾವಿನ ಹಳೆಯ ದೃಷ್ಟಾಂತದ ಬದಲು ಇದನ್ನೇ ಹೇಳಬಹುದೆಂದು ನನಗೆ ಎಷ್ಟೋ ಸಲ ತೋರಿದೆ.

ಬೆಂಗಳೂರಿನಲ್ಲಿ ಅವನು ನಮ್ಮ ಮನೆಯಲ್ಲಿಯೇ ಇದ್ದಾನೆ. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಎರಡು ಪರದೆಗಳು, ಎರಡು ಫೋನುಗಳು, ಚಿತ್ರ ಬರೆಯುವ ಹಲಗೆಯೊಂದು, ಕಿವಿ ಮುಚ್ಚುವ ಸಾಧನವೊಂದು, ಇವೆಲ್ಲಕ್ಕೂ ಆಹಾರವೂಡಿಸುವ ತಂತಿಗಳ ಜಟೆ. ರಾತ್ರಿ ಮಲಗುವ ಮುನ್ನ ಹಳ್ಳಿಯ ಮನೆಯೊಡತಿ ಕೊಟ್ಟಿಗೆಗೆ ಹೋಗಿ ದನಗಳಿಗೆ ಹುಲ್ಲು ಹಾಕಿ ಬರುವಂತೆ ಅವನು ಒಂದೊಂದಕ್ಕೂ ತಂತಿ ಸಿಕ್ಕಿಸಿ ಬರುತ್ತಾನೆ. ಇವುಗಳ ಪೈಕಿ ನನಗೆ ತೀರ ವಿಚಿತ್ರವಾಗಿ ಕಾಣುವುದು ಅವನ ಕೈಗಡಿಯಾರ. ಬಹಳ ಹೊತ್ತು ಕುಳಿತಿದ್ದರೆ ಅದು ಮಣಿಕಟ್ಟನ್ನು ತಟ್ಟಿ ‘ಎದ್ದು ನಿಲ್ಲು’ ಎಂದು ಆಜ್ಞಾಪಿಸುತ್ತದೆ. ಕಳೆದ ವರ್ಷ ನಮ್ಮ ಅತ್ತೆಯವರ ತಿಥಿಯ ದಿನ ಅದನ್ನು ತೆಗೆದಿಡಲು ಮರೆತಿದ್ದ. ದರ್ಭೆ ಹಿಡಿದು ಕುಳಿತಿದ್ದಾಗ ಗಡಿಯಾರ ತಟ್ಟಿತು. ಅಭ್ಯಾಸಬಲದಿಂದ ಅವನು ಅರ್ಧ ಎದ್ದೇಬಿಟ್ಟ. “ಕೂತ್ಕೊಳ್ಳಪ್ಪ, ಪಿಂಡಪ್ರದಾನ ಇನ್ನೂ ಆಗಿಲ್ಲ” ಎಂದರು ಪುರೋಹಿತರು.

ಅವನ ದಿನಚರಿಯನ್ನು ನೋಡಿದರೆ ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಿ ದಣಿದೆನೆನ್ನುವ ನನಗೆ ನಾಚಿಕೆಯಾಗುತ್ತದೆ. ಬೆಳಿಗ್ಗೆ ಒಂದು ಸಭೆ, ಆ ಸಭೆಯಲ್ಲಿ ಆಡಿದ ಮಾತು ಅರ್ಥವಾಗಲೆಂದು ಇನ್ನೊಂದು ಸಭೆ, ರಾತ್ರಿ ಅಮೆರಿಕದವರು ಎದ್ದ ಮೇಲೆ ಮತ್ತೊಂದು. ನಡುನಡುವೆ ‘ಫಿಗ್ಮಾ’ ಎಂಬ ತಂತ್ರಾಂಶದಲ್ಲಿ ಗೆರೆ ಎಳೆಯುವ ಕೆಲಸ. ಒಂದೇ ಹಾಳೆಯ ಮೇಲೆ ಬೆಂಗಳೂರಿನವನೂ ಬರ್ಲಿನ್ನಿನವಳೂ ಏಕಕಾಲಕ್ಕೆ ಚಿತ್ರ ಬಿಡಿಸಬಹುದು. ಒಬ್ಬೊಬ್ಬರ ಹೆಸರು ಹೊತ್ತ ಪುಟ್ಟ ಬಾಣಗಳು ಸಕ್ಕರೆಗೆ ಮುತ್ತಿದ ಇರುವೆಗಳಂತೆ ಹರಿದಾಡುತ್ತವೆ. ಈ ತಂತ್ರಾಂಶವನ್ನು ಅಡೋಬಿ ಕಂಪೆನಿ ೨೦೨೨ರಲ್ಲಿ ೨,೦೦೦ ಕೋಟಿ ಡಾಲರಿಗೆ ಕೊಳ್ಳಹೊರಟು, ಯೂರೋಪು ಮತ್ತು ಬ್ರಿಟನ್ನಿನ ನಿಯಂತ್ರಕರು ಅಡ್ಡಿ ತೆಗೆದದ್ದರಿಂದ ೨೦೨೩ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಆ ದಿನ ನನ್ನ ಮೈದುನ ಮನೆಗೆ ಮೈಸೂರುಪಾಕು ತಂದ. ಕಾರಣ ಕೇಳಿದರೆ, “ಒಬ್ಬನೇ ಮನೆಯೊಡೆಯನ ಕೈಗೆ ಊರೆಲ್ಲ ಸಿಕ್ಕಿದರೆ ಬಾಡಿಗೆ ಏನಾಗುತ್ತೆ ಭಾವ?” ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಹಿಂದೆ ತಂತ್ರಾಂಶವೆಂಬುದು ಒರಳುಕಲ್ಲಿನಂಥ ವಸ್ತು; ಒಮ್ಮೆ ಕೊಂಡು ತಂದರೆ ಸೊಸೆಯ ಕಾಲಕ್ಕೂ ಇರುತ್ತಿತ್ತು. ೨೦೧೩ರಲ್ಲಿ ಅದೇ ಅಡೋಬಿ ಕಂಪೆನಿ ತನ್ನ ಹೊಸ ಆವೃತ್ತಿಗಳನ್ನು ಇನ್ನು ಮುಂದೆ ಬಾಡಿಗೆಗೆ ಮಾತ್ರ ಕೊಡುವುದಾಗಿ ಸಾರಿತು. ತಿಂಗಳ ಹಣ ಕಟ್ಟುವುದನ್ನು ನಿಲ್ಲಿಸಿದರೆ ಒರಳು ಬೀಸುವುದಿಲ್ಲ. ಹಿಟ್ಟು ಒಳಗೇ ಉಳಿಯುತ್ತದೆ.

ಅವನ ಕಂಪೆನಿಯ ಆ್ಯಪು ಕನ್ನಡದಲ್ಲಿಯೂ ಬರಬೇಕೆಂದಾದಾಗ ನಾನು ಬಿಟ್ಟಿ ಸಲಹೆಗಾರನಾದೆ. ಆಂಗ್ಲದ ‘ಸ್ಕಿಪ್’ ಎಂಬುದಕ್ಕೆ ಕನ್ನಡವೇನೆಂದು ಕೇಳಿದ. ನಾನು ಗಂಭೀರವಾಗಿ ‘ಪರಿತ್ಯಜಿಸಿ’ ಎಂದೆ. ಅವನು ಮಾತಾಡದೆ ಅಡಿಗೆಮನೆಗೆ ಹೋಗಿ ಅಕ್ಕನನ್ನು ಕೇಳಿದ. ಅವಳು ‘ಬಿಡಿ’ ಎಂದಳಂತೆ; ಅದೇ ಅಚ್ಚಾಯಿತು. ಎಂ.ಎ. ಪದವಿಗೆ ಇಂಥ ಸೋಲು ಅಪರೂಪವೇನಲ್ಲ. ಪದ ಸಿಕ್ಕಿದ ಮೇಲೆ ಅದು ಕೂರುವ ಜಾಗದ ತೊಡಕು ಬೇರೆ. ರೋಮನ್ ಅಕ್ಷರಗಳ ಅಳತೆಗೆ ಮಾಡಿದ ಗುಂಡಿಯಲ್ಲಿ ಕನ್ನಡ ಕೂರುವುದು ಕಷ್ಟ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ. ಗುಂಡಿಯ ಅಂಚು ಅದರ ಕಾಲನ್ನು ಕತ್ತರಿಸುತ್ತದೆ. ‘ಒಪ್ಪಿದೆ’ ಎಂಬ ಮಾತಿನ ಒತ್ತು ಮಾಯವಾದರೆ ಬಳಕೆದಾರನು ಒಪ್ಪಿದ್ದೇನನ್ನು? ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿಕೊಡಿರೆಂದು ಮೇಲಿನವರನ್ನು ಒಪ್ಪಿಸಲು ಅವನಿಗೆ ಮೂರು ವಾರ ಹಿಡಿಯಿತು.

ಇಷ್ಟೆಲ್ಲ ಅವಸರದ ನಡುವೆ ಅವನು ವರ್ಷಗಟ್ಟಲೆ ಮುಂದೂಡುತ್ತ ಬಂದ ಕೆಲಸವೊಂದಿತ್ತು. ಅದನ್ನು ಹೇಳುವುದಕ್ಕಾಗಿಯೇ ನಾನು ಈ ಲೇಖನವನ್ನು ಆರಂಭಿಸಿದ್ದು. ಪೀಠಿಕೆ ಉದ್ದವಾಯಿತು, ಮೇಷ್ಟರ ಜಾತಿ, ಓದುಗರು ಕ್ಷಮಿಸಬೇಕು.

ನಮ್ಮ ಮಾವನವರು ತೀರ್ಥಹಳ್ಳಿಯ ಸುತ್ತಮುತ್ತಣ ಹಳ್ಳಿಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಆ ಬದುಕಿನ ನೆನಪುಗಳನ್ನು ಅವರು ಹೇಳುತ್ತ ಹೋದಂತೆ ಅತ್ತೆಯವರು ತಮ್ಮ ದುಂಡಕ್ಷರದಲ್ಲಿ ಬರೆದಿದ್ದರು. ೨೦೦೬ರಲ್ಲಿ ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅದನ್ನು ಬೆರಳಚ್ಚು ಮಾಡಿಸಿ, ಹನ್ನೆರಡು ಅಧ್ಯಾಯಗಳನ್ನು ಒಂದು ಸಿ.ಡಿ.ಯಲ್ಲಿ ತುಂಬಿಸಿ ತಂದರು. ಮುದ್ರಣಕ್ಕೆಂದು ಕೂಡಿಟ್ಟ ಹಣ ಕೆಲವು ವರ್ಷಗಳ ತರುವಾಯ ಮಗನ ಕಾಲೇಜಿನ ಶುಲ್ಕಕ್ಕೆ ಹೋಯಿತು. ಆಮೇಲೆ ಅತ್ತೆಯವರು ತೀರಿಕೊಂಡರು. ಹಸ್ತಪ್ರತಿಯನ್ನು ಅಟ್ಟದ ಪೆಟ್ಟಿಗೆಯಲ್ಲಿ ಗೆದ್ದಲು ತಿಂದಿತು. ಅಂಗಡಿಯೂ ಮುಚ್ಚಿತು. ಉಳಿದದ್ದು ಆ ತಟ್ಟೆಯೊಂದೇ. ಮಾವನವರು ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ದೇವರ ಮನೆಯ ಗೂಡಿನಲ್ಲಿ ಇರಿಸಿದ್ದರು. ಕಳೆದ ದೀಪಾವಳಿಗೆ ಬಂದಾಗ ಮಗನ ಮುಂದಿಟ್ಟು, “ನಿನಗೆ ಪುರುಸೊತ್ತಾದಾಗ ನೋಡು” ಎಂದರು. ಬೇರೇನೂ ಹೇಳಲಿಲ್ಲ. ಆ ಶುಲ್ಕದ ಸಂಗತಿ ಅವನಿಗೆ ಗೊತ್ತಿದ್ದುದು ಆ ಕ್ಷಣದ ಅವನ ಮುಖದಲ್ಲಿ ಕಂಡಿತು.

ಮನೆಯಲ್ಲಿದ್ದ ಐದು ಯಂತ್ರಗಳಲ್ಲಿ ಒಂದಕ್ಕೂ ಸಿ.ಡಿ. ಹಾಕುವ ಬಾಯಿರಲಿಲ್ಲ. ಅದಕ್ಕೊಂದು ಪ್ರತ್ಯೇಕ ಪೆಟ್ಟಿಗೆಯನ್ನು ತರಿಸಿದ್ದಾಯಿತು. ತಟ್ಟೆ ಗಿರ್ರೆಂದು ತಿರುಗಿ, ನಿಂತು, ಮತ್ತೆ ತಿರುಗಿ, ಅಂತೂ ಹನ್ನೊಂದು ಕಡತಗಳನ್ನು ಕೊಟ್ಟಿತು. ಹನ್ನೆರಡನೆಯದನ್ನು ಎಷ್ಟು ಪ್ರಯತ್ನಿಸಿದರೂ ಕೊಡಲಿಲ್ಲ. ಕೊಟ್ಟವಾದರೂ ಪೇಜ್‌ಮೇಕರಿನ ಕಡತಗಳು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯ ಬಳಿಕ ಆ ತಂತ್ರಾಂಶಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ. ಅವನು ತಿಂಗಳ ಬಾಡಿಗೆ ಕಟ್ಟುತ್ತಿರುವ ಇನ್‌ಡಿಸೈನ್ ಅದನ್ನು ತೆರೆಯಲೊಲ್ಲದು.

ಕೊನೆಗೆ ಕಾಟನ್‌ಪೇಟೆಯ ಓಣಿಯೊಂದರಲ್ಲಿ, ಲಗ್ನಪತ್ರಿಕೆ ಅಚ್ಚುಮಾಡುವ ಪುಟ್ಟ ಮುದ್ರಣಾಲಯದಲ್ಲಿ ಅದಕ್ಕೆ ಪರಿಹಾರ ದೊರೆಯಿತು. ಅಲ್ಲಿನ ಯಜಮಾನರು ಇಂಥ ಅನಾಥ ಕಡತಗಳಿಗಾಗಿಯೇ ಹಳೆಯ ಗಣಕಯಂತ್ರವೊಂದನ್ನು ಸಾಕಿಕೊಂಡಿದ್ದಾರೆ. ಅದಕ್ಕೆ ಅಂತರಜಾಲದ ಸಂಪರ್ಕವಿಲ್ಲ. ಬೇಸಗೆಯಲ್ಲಿ ಒಂದು ಟೇಬಲ್ ಫ್ಯಾನು ಅದಕ್ಕೇ ಮೀಸಲು. ಅದರಲ್ಲಿ ಪೇಜ್‌ಮೇಕರೂ ಇತ್ತು, ಪುಣ್ಯವಶಾತ್ ಆ ಅಂಗಡಿಯವರು ಬಳಸಿದ್ದ ಅಕ್ಷರಜಾತಿಯೂ ಇತ್ತು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕಾಗಿದೆ. ಹಿಂದಿನ ಗಣಕಗಳ ಅಕ್ಷರಜಾತಿಯಲ್ಲಿ ಇದ್ದುದು ಒಟ್ಟು ೨೫೬ ಮನೆಗಳು; ಅವುಗಳ ಮೂಲ ವಾಸಿಗಳು ರೋಮನ್ ಅಕ್ಷರಗಳು. ನಮ್ಮವರು ಆ ಮನೆಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಎಂದು ಕನ್ನಡವನ್ನು ತುಂಡು ತುಂಡಾಗಿ ಬಾಡಿಗೆಗಿಟ್ಟರು. ಆ ಅಕ್ಷರಜಾತಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಮೂಲ ವಾಸಿಗಳು ಹೊರಬಂದು ಅರ್ಥವಿಲ್ಲದ ಗಲಾಟೆ ಎಬ್ಬಿಸುತ್ತಾರೆ. ಒಂದೊಂದು ಕಂಪೆನಿಯದು ಒಂದೊಂದು ಹಂಚಿಕೆ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಬೀದಿ ಹಾಕಿಕೊಟ್ಟಿತು. ಕನ್ನಡದ ಬೀದಿಯಲ್ಲಿ ೧೨೮ ನಿವೇಶನಗಳು. ಆದರೆ ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಜಾತಿಯೊಡನೆ ಬಂದ ಬಳಿಕವೂ ಮುದ್ರಣಾಲಯಗಳು ಬಹುಕಾಲ ಹಳೆಯ ಮನೆಯಲ್ಲೇ ಉಳಿದವು.

ಹಳೆಯದರಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ನಿಲ್ಲುತ್ತವೆ. ಯೂನಿಕೋಡಿನಲ್ಲಿ ನಾಲಗೆ ಉಚ್ಚರಿಸುವ ಕ್ರಮದಲ್ಲಿ. ಸಾಮಾನ್ಯವಾಗಿ ಇವೆರಡಕ್ಕೂ ಹೊಂದಿಕೊಳ್ಳುತ್ತದೆ. ತಕರಾರು ಎತ್ತುವುದು ಅರ್ಕಾವೊತ್ತು. ಉಚ್ಚರಿಸುವಾಗ ಮೊದಲು ಬರುವ ರೇಫೆ ಬರವಣಿಗೆಯಲ್ಲಿ ಅಕ್ಷರದ ಹಿಂದೆ ಹೋಗಿ ಕೂರುತ್ತದಷ್ಟೆ. ನನ್ನ ಮೈದುನ ಎರಡು ಭಾನುವಾರ ಕುಳಿತು, ಹಳೆಯ ತುಂಡಿಗೆ ಹೊಸ ಅಕ್ಷರವನ್ನು ಹೊಂದಿಸುವ ಪಟ್ಟಿ ಮಾಡಿ ಯಂತ್ರಕ್ಕೆ ಕೊಟ್ಟ. ಹೊರಬಂದ ಪುಟಗಳನ್ನು ಮಾವನವರಿಗೆ ಕಳುಹಿಸಿದ. ಮರುದಿನವೇ ಫೋನು ಬಂತು. ‘ಕರ್ನಾಟಕ’ವು ‘ಕನಾರ್ಟಕ’ವಾಗಿತ್ತು, ‘ತೀರ್ಥಹಳ್ಳಿ’ ‘ತೀಥರ್ಹಳ್ಳಿ’ಯಾಗಿತ್ತು, ‘ಸೂರ್ಯ’ ‘ಸೂಯರ್’ ಆಗಿದ್ದ. ಇವನ್ನೆಲ್ಲ ಅವರು ನಗುತ್ತಲೇ ಓದಿ ಹೇಳಿದರು. ಆಮೇಲೆ, “ಅಮ್ಮನ ಹೆಸರೂ ಕೆಟ್ಟಿದೆ ಕಣೋ” ಎಂದರು. ಅತ್ತೆಯವರದು ಪರ್ವತರಾಜನ ಮಗಳ ಹೆಸರು. ನಲವತ್ತೇಳು ಕಡೆ ಅದು ‘ಪಾವರ್ತಿ’ ಎಂದಾಗಿತ್ತು; ಮಾವನವರು ಎಣಿಸಿದ್ದರು.

ಅಂದು ರಾತ್ರಿಯ ಅಮೆರಿಕದ ಸಭೆಗೆ ಅವನು ಹೋಗಲಿಲ್ಲ. ‘ರ್’ ಕಂಡಲ್ಲೆಲ್ಲ ಅದನ್ನು ಒಂದು ಅಕ್ಷರ ಹಿಂದಕ್ಕೆ ಸರಿಸೆಂದು ಯಂತ್ರಕ್ಕೆ ಅಪ್ಪಣೆ ಕೊಟ್ಟ. ತಾಯಿಯ ಹೆಸರು ಸರಿಯಾಯಿತು. ಆದರೆ ನ್ಯಾಯವಾಗಿ ಕೊನೆಯಲ್ಲಿ ಇರಬೇಕಾದ ರೇಫೆಗಳೂ ಹಿಂದೆ ಸರಿದು, ‘ಇನ್‌ಸ್ಪೆಕ್ಟರ್’ ಸಾಹೇಬರು ‘ಇನ್‌ಸ್ಪೆರ್ಕ್ಟ’ ಆದರು, ಮಾವನವರು ಸ್ವತಃ ‘ಹೆಡ್‌ಮಾರ್ಸ್ಟ’ ಆದರು. ಮೊದಲ ಪಟ್ಟಿಯಲ್ಲಿ ಅರ್ಕಾವೊತ್ತನ್ನೂ ಬಿಡಿ ರಕಾರವನ್ನೂ ಒಂದೇ ಎಂದು ಎಣಿಸಿದ್ದು ತಪ್ಪೆಂದು ಅವನಿಗೆ ಬೆಳಗಿನ ಜಾವ ಹೊಳೆಯಿತು. ಮೂಲಕ್ಕೆ ಹಿಂದಿರುಗಿ ಪುನಃ ಆರಂಭಿಸಿದ. ಅವನ ಆ್ಯಪಿನ ಗುಂಡಿಯೊಂದು ನಾಲ್ಕು ಚುಕ್ಕೆ ಎಡಕ್ಕಿರಬೇಕೇ ಬಲಕ್ಕಿರಬೇಕೇ ಎಂದು ಹನ್ನೊಂದು ಜನ ಕೂಡಿ ಚರ್ಚಿಸುವುದನ್ನು ನಾನು ಹಾಸ್ಯ ಮಾಡುತ್ತಿದ್ದೆ. ಆ ಬೆಳಿಗ್ಗೆ ಕಾಫಿ ಕೊಡಲು ಹೋದವನು, ಒಂದು ಒತ್ತಿಗಾಗಿ ಕೆಂಪಾಗಿದ್ದ ಅವನ ಕಣ್ಣು ನೋಡಿ ಸುಮ್ಮನೆ ಇಳಿದು ಬಂದೆ.

ಈಗ ಹನ್ನೊಂದು ಅಧ್ಯಾಯಗಳು ಸಿದ್ಧವಾಗಿವೆ. ಮಾವನವರು ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ; ಒಂದೆರಡು ಕಡೆ ಅಂಕವನ್ನೂ ಕೊಟ್ಟಂತಿದೆ. ಕಳೆದುಹೋದ ಹನ್ನೆರಡನೆಯ ಅಧ್ಯಾಯ, ಮದುವೆಯಾದ ಹೊಸತರಲ್ಲಿ ಅತ್ತೆಯವರು ತುಂಗೆಯ ದಡದ ಶಾಲೆಯ ಬಿಡಾರಕ್ಕೆ ಬಂದ ಮಳೆಗಾಲದ್ದು. ಫೋನಿನ ಮುಂದೆ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆಂದು ಮಗ ತೋರಿಸಿದ. ಅವರು ಎರಡು ವಾಕ್ಯ ಆಡಿ, ಮೂಡಿದ ಅಕ್ಷರಗಳನ್ನು ನೋಡಿ, “ಇದು ಕೇಳಿಸ್ಕೊಳ್ಳುತ್ತೆ, ಆದರೆ ನಡುವೆ ಏನೂ ಕೇಳೋದಿಲ್ಲವಲ್ಲ” ಎಂದು ಬದಿಗಿಟ್ಟರು. ಆದ್ದರಿಂದ ಈಗ ಪ್ರತಿ ಭಾನುವಾರ ಅವರು ಹೇಳುತ್ತಾರೆ, ಅವನು ಬೆರಳಚ್ಚು ಮಾಡುತ್ತಾನೆ, ನಡುವೆ ಪ್ರಶ್ನೆ ಕೇಳುತ್ತಾನೆ. ವಾಕ್ಯ ಮುಗಿದಾಗ ಅವರು ಶಾಲೆಯಲ್ಲಿ ಉಕ್ತಲೇಖನ ಕೊಟ್ಟಂತೆ ‘ಪೂರ್ಣವಿರಾಮ’ ಎನ್ನುತ್ತಾರೆ. ಮೊನ್ನೆ ಒಂದು ಕಡೆ ತಡೆದು ಬಹಳ ಹೊತ್ತು ಸುಮ್ಮನಿದ್ದರು. ಏನೆಂದು ಮಗ ಕೇಳಿದ.

“ಇಲ್ಲಿ ನಾನು ಹೇಳಿದ್ದೊಂದು, ನಿಮ್ಮಮ್ಮ ಬರೆದದ್ದೊಂದು. ಅವಳದೇ ಚೆನ್ನಾಗಿತ್ತು. ಅದೇನೂಂತ ನೆನಪಾಗ್ತಿಲ್ಲ” ಎಂದರು.

ಅವನು ಅಲ್ಲಿ ಎರಡು ಸಾಲಿನಷ್ಟು ಜಾಗ ಬಿಟ್ಟು ಮುಂದಿನ ವಾಕ್ಯಕ್ಕೆ ಹೋದ. ಕಳೆದ ಭಾನುವಾರಕ್ಕೆ ೧೪ ಪುಟಗಳಾಗಿವೆ.