ಮೊದಲು ಬೆಳಕು, ಆಮೇಲೆ ಕನ್ನಡಿ

ಮೇ ತಿಂಗಳ ಮೊದಲ ದಿನಗಳಲ್ಲಿ ಹಂಪಿಯ ಪಕ್ಕದ ಕಮಲಾಪುರದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲು ನೆರಳೇ ಬೀಳುವುದಿಲ್ಲ. ಊರು ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಗ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಮನೆಯಲ್ಲಿ ಡ್ರೆಸ್ಸಿಂಗ್ ಟೇಬಲ್‌ಗೆ ಜಾಗ ಗೊತ್ತು ಮಾಡುವವರು ಮರ, ಪ್ಲೈವುಡ್, ಡ್ರಾಯರ್‌ಗಳ ಮಾತಿಗೆ ಮುಂಚೆ ಹಾಕಬೇಕಾದ ಲೆಕ್ಕ ಇದು.

ಕನ್ನಡಿ ತಾನಾಗಿ ಬೆಳಕು ಕೊಡುವುದಿಲ್ಲ. ಮುಖದ ಮೇಲೆ ಬಿದ್ದ ಬೆಳಕು ಅಲ್ಲಿಂದ ಚದುರಿ, ಕನ್ನಡಿಗೆ ತಾಗಿ, ಕಣ್ಣಿಗೆ ಮರಳಿದಾಗಲೇ ನಮಗೆ ನಾವು ಕಾಣುತ್ತೇವೆ. ಹಂಪಿಯ ವಿರೂಪಾಕ್ಷ ದೇಗುಲದ ಕತ್ತಲೆ ಕೋಣೆಯಲ್ಲಿ ಗೋಪುರದ ಚಿತ್ರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ನಿಯಮ. ಬಿಸಿಲಿನಲ್ಲಿ ಮಿಂದ ಗೋಪುರದಿಂದ ಹೊರಟ ಬೆಳಕು ಕಿಂಡಿಯ ಮೂಲಕ ನೇರ ಗೆರೆಯಲ್ಲಿ ಸಾಗುತ್ತದೆ. ಗೋಪುರಕ್ಕೆ ಮೋಡ ಕವಿದರೆ ಚಿತ್ರವೂ ಮಸುಕು. ಹಾಗಾಗಿ ಬೆಳಕು ಬೀಳಬೇಕಾದದ್ದು ಮುಖದ ಮೇಲೆ, ಕನ್ನಡಿಯ ಮೇಲಲ್ಲ.

ಕಿಟಕಿಗೆ ಎದುರಾಗಿ ಕನ್ನಡಿ ತೂಗುಹಾಕಿದರೆ ಕಿಟಕಿ ನಮ್ಮ ಬೆನ್ನಿಗೆ ಬರುತ್ತದೆ. ಕನ್ನಡಿಯಲ್ಲಿ ಹೊಳೆಯುವ ಕಿಟಕಿಗೆ ಕಣ್ಣಿನ ಪಾಪೆ ಕುಗ್ಗಿ, ಮುಖ ಕಪ್ಪಗೆ ಕಾಣುತ್ತದೆ. ಅದೇ ಕನ್ನಡಿಯನ್ನು ಕಿಟಕಿಯ ಗೋಡೆಯಲ್ಲೇ, ಕಿಟಕಿಯ ಪಕ್ಕಕ್ಕೆ ಹಾಕಿದರೆ ಬೆಳಕು ಎದುರಿನಿಂದ ಮುಖದ ಮೇಲೆ ಹರಡುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕು ಚಾವಣಿಯ ಗವಾಕ್ಷಿಯಿಂದ ಇಳಿಯುತ್ತದೆ. ಅಡುಗೆಗೆ, ಓಡಾಟಕ್ಕೆ ಅದು ಚೆನ್ನ, ಮುಖಕ್ಕೆ ಅಲ್ಲ. ನೇರ ಮೇಲಿನಿಂದ ಬಂದ ಬೆಳಕಿಗೆ ಹುಬ್ಬು, ಮೂಗು, ಗಲ್ಲದ ಕೆಳಗೆ ನೆರಳು ಬೀಳುತ್ತದೆ. ಈಗಿನ ಮನೆಗಳಲ್ಲಿ ಚಾವಣಿಯ ನಡುವೆ ಕೂರಿಸುವ ಎಲ್‌ಇಡಿ ಪ್ಯಾನೆಲ್ ಮಾಡುವುದೂ ಅದನ್ನೇ.

ಯಾವ ದಿಕ್ಕಿನ ಕಿಟಕಿ? ಸಾಧ್ಯವಿದ್ದರೆ ಉತ್ತರದ್ದು. ಜೂನ್ 21ರ ನಡುಹಗಲಿನಲ್ಲೂ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಎಂಟೇ ಡಿಗ್ರಿ. ನಾಲ್ಕು ಅಡಿ ಎತ್ತರದ ಕಿಟಕಿಯಿಂದ ಆ ಬಿಸಿಲನ್ನು ತಡೆಯಲು ಏಳು ಇಂಚಿನ ಸಜ್ಜಾ ಸಾಕು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಮುಂಜಾನೆ, ಸಂಜೆಯ ಓರೆ ಬಿಸಿಲಿಗೆ ತೆಳುವಾದ ಪರದೆ ಇರಲಿ. ಉಳಿದಂತೆ ಉತ್ತರದ ಕಿಟಕಿಯಿಂದ ಬರುವುದು ಆಕಾಶದ ಹರಡಿದ ಬೆಳಕು; ಅದರ ನೆರಳು ಮೃದು. ದಕ್ಷಿಣದ ಗೋಡೆಯ ಕಥೆ ಬೇರೆ. ಡಿಸೆಂಬರ್‌ನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 39 ಡಿಗ್ರಿ ದಕ್ಷಿಣಕ್ಕೆ ಇಳಿಯುವುದರಿಂದ ಒಂದೂವರೆ ಅಡಿ ಸಜ್ಜಾ ಇದ್ದರೂ ಕಿಟಕಿಯ ಕೆಳಗಿನ ಅರ್ಧದಿಂದ ಬಿಸಿಲು ಒಳಗೆ ನುಗ್ಗುತ್ತದೆ.

ಇನ್ನು ಕನ್ನಡಿಯ ಅಳತೆ. ಪೂರ್ತಿ ಆಳು ಕಾಣಲು ಆಳುದ್ದದ ಕನ್ನಡಿ ಬೇಡ, ಎತ್ತರದ ಅರ್ಧ ಸಾಕು. ಪಾದದಿಂದ ಹೊರಟ ಕಿರಣ ಪಾದಕ್ಕೂ ಕಣ್ಣಿಗೂ ನಟ್ಟನಡುವಿನ ಎತ್ತರದಲ್ಲಿ ಕನ್ನಡಿಗೆ ತಾಗಿ ಕಣ್ಣು ಸೇರುತ್ತದೆ. ನೆತ್ತಿಯದು ನೆತ್ತಿಗೂ ಕಣ್ಣಿಗೂ ನಡುವೆ. ಹಿಂದೆ ಸರಿದು ನಿಂತರೂ ಇದು ಬದಲಾಗದು. ಕಣ್ಣು ನೆತ್ತಿಯಿಂದ ನಾಲ್ಕು ಇಂಚು ಕೆಳಗಿದೆ ಎಂದುಕೊಂಡರೆ, ಐದು ಅಡಿ ಎತ್ತರದವರಿಗೆ ನೆಲದಿಂದ 28 ಇಂಚಿನಿಂದ 58 ಇಂಚಿನವರೆಗೆ ಕನ್ನಡಿ ಬೇಕು. ಐದು ಅಡಿ ಎಂಟು ಇಂಚಿನವರಿಗೆ 32ರಿಂದ 66. ಇಬ್ಬರಿಗೂ ಸೇರಿ 38 ಇಂಚಿನ ಕನ್ನಡಿ. ಮೂರೂವರೆ ಅಡಿಯ ಮಗುವೂ ತನ್ನನ್ನು ಪೂರ್ತಿ ನೋಡಿಕೊಳ್ಳಬೇಕಾದರೆ ಕೆಳ ಅಂಚು 19 ಇಂಚಿಗೆ ಇಳಿಯಬೇಕು. ಆಗ ಕನ್ನಡಿ ಹೆಚ್ಚುಕಡಿಮೆ ನಾಲ್ಕು ಅಡಿ.

ಬಿಂಬ ಕನ್ನಡಿಯ ಮೇಲ್ಮೈಯಲ್ಲಿರುವುದಿಲ್ಲ, ನಾವು ಎಷ್ಟು ದೂರ ಮುಂದಿದ್ದೇವೋ ಅಷ್ಟೇ ದೂರ ಹಿಂದಿರುತ್ತದೆ. ಕನ್ನಡಕವಿಲ್ಲದೆ ಕಾಡಿಗೆ ಹಚ್ಚಿಕೊಳ್ಳುವವರಿಗೆ ಇದು ಮುಖ್ಯ. ಮೈನಸ್ ಎರಡು ನಂಬರಿನ ಕಣ್ಣಿಗೆ ಅರ್ಧ ಮೀಟರಿನಾಚೆಯದು ಮಸುಕು. ಹಾಗಾಗಿ ಕನ್ನಡಿ 25 ಸೆಂಟಿಮೀಟರಿನೊಳಗೆ ಬರಬೇಕು. ಮೇಜಿನ ಅಗಲ ಅಡ್ಡ ಬಂದರೆ ಮುಂದಕ್ಕೆ ಎಳೆಯಬಲ್ಲ ಕೈಯುಳ್ಳ ಸಣ್ಣ ಕನ್ನಡಿಯೊಂದು ಇರಲಿ.

ರಾತ್ರಿಗೆ, ಕನ್ನಡಿಯ ಎರಡೂ ಪಕ್ಕದಲ್ಲಿ ಮುಖದ ಮಟ್ಟಕ್ಕೆ ಒಂದೇ ಬಗೆಯ ಎರಡು ಎಲ್‌ಇಡಿ ಪಟ್ಟಿ ಹಾಕಿ. ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಬಿಳಿ ಎಲ್‌ಇಡಿಯ ಮೂಲ ಬೆಳಕು ಸಾಮಾನ್ಯವಾಗಿ ನೀಲಿ. ಮೇಲಿನ ಫಾಸ್ಫರ್ ಲೇಪ ಉಳಿದ ಬಣ್ಣಗಳನ್ನು ಸೇರಿಸುತ್ತದೆ. ಅಗ್ಗದ ದೀಪಗಳಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಅಂಥ ಬೆಳಕಿನಲ್ಲಿ ಕುಂಕುಮ ಮಂಕಾಗುತ್ತದೆ, ಸೀರೆಗೆ ಒಪ್ಪಿದ ರವಿಕೆ ಬಿಸಿಲಿಗೆ ಬಂದಾಗ ಬೇರೆಯೇ ಬಣ್ಣವಾಗುತ್ತದೆ. ಪೊಟ್ಟಣದ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು, ಬಣ್ಣ 4000 ಕೆಲ್ವಿನ್ ಆಸುಪಾಸು ಎಂದಿದೆಯೇ ನೋಡಿ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಡುವಣ ಗೋಡೆ ಮಧ್ಯಾಹ್ನವೆಲ್ಲ ಕಾದು ರಾತ್ರಿ ಒಳಕ್ಕೆ ಶಾಖ ಬಿಡುತ್ತದೆ. ಅದಕ್ಕೆ ಒರಗಿಸಿದ ಡ್ರಾಯರಿನಲ್ಲಿ ಲಿಪ್‌ಸ್ಟಿಕ್ಕಿನ ಮೇಣ ಮೆತ್ತಗಾಗುತ್ತದೆ, ಎಣ್ಣೆಗಳು ಬೇಗ ಕಮಟು ಹಿಡಿಯುತ್ತವೆ. ಮುಖವನ್ನು ದೊಡ್ಡದು ಮಾಡಿ ತೋರಿಸುವ ನಿಮ್ನ ಕನ್ನಡಿಯನ್ನು ಬಿಸಿಲು ಬೀಳುವಲ್ಲಿ ಎಂದೂ ತೆರೆದಿಡಬೇಡಿ. ಅದು ಕಿರಣಗಳನ್ನು ಒಂದೆಡೆ ಕೂಡಿಸಿ ಪರದೆಗೆ ಬೆಂಕಿ ಹೊತ್ತಿಸಬಲ್ಲದು.

ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವ ಕಬ್ಬಿಣದ ಆಕ್ಸೈಡ್, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಾದ ರೂಪದಲ್ಲಿ ಎಷ್ಟೋ ಲಿಪ್‌ಸ್ಟಿಕ್, ಫೌಂಡೇಶನ್‌ಗಳಿಗೂ ಬಣ್ಣ ಕೊಡುತ್ತದೆ. ಆದರೆ ಅದಿರಿನ ಧೂಳು ಕನ್ನಡಿಗೆ ಒಳ್ಳೆಯದಲ್ಲ. ಧೂಳಿನ ಗಟ್ಟಿ ಕಣಗಳು, ಅದರಲ್ಲೂ ಗಾಜಿಗಿಂತ ಗಟ್ಟಿಯಾದ ಮರಳಿನ ಕಣಗಳು, ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳಿಸುತ್ತವೆ. ಒದ್ದೆ ಬಟ್ಟೆಯಿಂದ ಹಗುರಾಗಿ ಒರೆಸಿ, ಅಂಚುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಹಿಂಬದಿಯ ಬೆಳ್ಳಿಲೇಪ ಕಪ್ಪಾಗುವುದು ಅಂಚಿಗೆ ತೇವ ಇಳಿದಾಗ.

ಬಡಗಿಯನ್ನು ಕರೆಯುವ ಮುಂಚೆ ಕೈಗನ್ನಡಿ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮನೆಯ ಪ್ರತಿ ಕಿಟಕಿಯ ಪಕ್ಕ ನಿಂತು ನೋಡಿ. ಮುಖದ ಎರಡೂ ಕೆನ್ನೆ ಸಮನಾಗಿ ಕಾಣುವ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಎರಡೇ ಕೋಣೆಯ ಮನೆಯಲ್ಲೂ ಅಂಥದ್ದೊಂದು ಜಾಗ ಸಿಗುತ್ತದೆ. ಅಲ್ಲಿ ಸರಿಯಾದ ಎತ್ತರಕ್ಕೆ ಕನ್ನಡಿ, ಕೆಳಗೆ ಅರ್ಧ ಅಡಿಯ ಹಲಗೆ, ಕೂರಲು ಸ್ಟೂಲ್ ಇದ್ದರೆ, ಬೆಳಕು ನೋಡದೆ ಕೊಂಡ ದುಬಾರಿ ಟೇಬಲ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.