ನೆರಳು ಬಿದ್ದರೆ ಚಿತ್ರಕ್ಕೆ ಜೀವ

ಶಾಲೆಯಲ್ಲಿ ಚಿತ್ರಕಲೆಗೆ ಬಹುಮಾನ ತಗೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಮದುವೆ, ಮಕ್ಕಳು, ಅಡುಗೆಮನೆ ಅಂತ ಪೆನ್ಸಿಲ್ ಕೆಳಗಿಟ್ಟು ವರ್ಷಗಳೇ ಆಗಿರುತ್ತವೆ. ಈಗ ಮಗಳಿಗೆ ತೋರಿಸಲೆಂದು ಒಂದು ಹಣ್ಣು ಬರೆದರೆ ಅದು ಹಪ್ಪಳದಂತೆ ಚಪ್ಪಟೆಯಾಗಿ ಕಾಣುತ್ತದೆ. ‘ಅಯ್ಯೋ, ನನ್ನ ಕೈ ಹೋಯ್ತು’ ಅಂದುಕೊಳ್ಳಬೇಡಿ. ಗೆರೆ ಹೇಳುವುದು ಆಕಾರವನ್ನಷ್ಟೇ. ಅದು ಉಬ್ಬಿದೆಯೋ ತಗ್ಗಿದೆಯೋ ಎಂದು ಹೇಳುವುದು ನೆರಳು-ಬೆಳಕು.

ಮಧ್ಯಾಹ್ನ ಬಿಡುವಾದಾಗ ಪ್ರಯತ್ನಿಸಿ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್‌ಗಳಿದ್ದರೆ ಸಾಕು. ‘ಬಿ’ ಮುಂದಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಬಣ್ಣ ಗಾಢ. ಬಿಳಿ ಕಾಗದದ ಮೇಲೆ ಒಂದು ಮೊಟ್ಟೆ ಇಡಿ. ಮನೆಗೆ ಮೊಟ್ಟೆ ತರುವುದಿಲ್ಲವೇ? ಮಗುವಿನ ಬಿಳಿ ಚೆಂಡಾದರೂ ಆದೀತು. ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯಿಂದ ಬೆಳಕು ಬರಲಿ. ಕಣ್ಣು ಅರೆಮುಚ್ಚಿ ನೋಡಿದರೆ ಈ ಐದು ಛಾಯೆಗಳು ಕಾಣುತ್ತವೆ:

* ಬೆಳಕು ನೇರ ಬೀಳುವ ಜಾಗ: ಇಲ್ಲಿ ಪೆನ್ಸಿಲ್ ಮುಟ್ಟಿಸಬೇಡಿ, ಕಾಗದದ ಬಿಳುಪೇ ಸಾಕು.
* ಅದರ ಸುತ್ತ ನಸುಬೂದು: ಎಚ್‌ಬಿಯಲ್ಲಿ ಹಗುರವಾಗಿ.
* ಬೆಳಕು ತಲುಪದ ಗಾಢ ಭಾಗ: 2ಬಿಯಲ್ಲಿ ಪದರದ ಮೇಲೆ ಪದರ.
* ನೆರಳಿನ ಬದಿಯ ಅಂಚಿನಲ್ಲಿ ತೆಳು ಬೆಳಕು: ಕಾಗದದಿಂದ ಪುಟಿದು ಬಂದದ್ದು. ಇದನ್ನು ಬಿಟ್ಟರೆ ದುಂಡುತನವೇ ಬಾರದು.
* ಕೆಳಗೆ ಚಾಚಿದ ನೆರಳು: ವಸ್ತುವಿಗೆ ತಾಗುವಲ್ಲಿ ಕಡುಕಪ್ಪು, 6ಬಿ ಇಲ್ಲಿಗೇ. ದೂರ ಹೋದಂತೆ ಮಸುಕು.

ಬೆರಳಿನಿಂದ ತಿಕ್ಕಬೇಡಿ, ಚರ್ಮದ ಎಣ್ಣೆ ತಗುಲಿ ಕಲೆಯಾಗುತ್ತದೆ. ಹತ್ತಿಯಲ್ಲಿ ಮೆಲ್ಲಗೆ ಒರೆಸಿ. ಅಂಗೈ ಕೆಳಗೆ ಇನ್ನೊಂದು ಹಾಳೆ ಇರಲಿ. ಸುತ್ತಲಿನ ಕಪ್ಪು ಗೆರೆ ಗಟ್ಟಿಯಾಗಿ ಉಳಿದರೆ ಚಿತ್ರ ಮತ್ತೆ ಚಪ್ಪಟೆ. ಆ ಗೆರೆಯನ್ನು ಛಾಯೆಯಲ್ಲೇ ಕರಗಿಸಿ. ಹೊಳೆಯುವ ಸ್ಟೀಲ್ ಚೊಂಬನ್ನು ಸದ್ಯಕ್ಕೆ ಮುಟ್ಟಬೇಡಿ, ಅದರಲ್ಲಿ ಇಡೀ ಅಡುಗೆಮನೆಯೇ ಪ್ರತಿಫಲಿಸುತ್ತದೆ!

ಬೆಟ್ಟ-ಗುಡ್ಡ ಬರೆಯುವಾಗಲೂ ಇದೇ ಉಪಾಯ. ಹತ್ತಿರದ ಮರ ಗಾಢ, ದೂರದ ಬೆಟ್ಟ ತಿಳಿ.

ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ದೀಪದ ಕುಡಿಯನ್ನು ಕೈ ಮರೆಮಾಡಿದೆ. ಆದರೂ ಬೆಳಗುವ ಬೆರಳು, ಮುಖ, ಹಿಂದಿನ ನೆರಳು ನೋಡಿದರೆ ದೀಪ ಉರಿಯುತ್ತಿದೆ ಎಂದು ತಿಳಿಯುತ್ತದೆ. ಸುತ್ತ ಕತ್ತಲೆ ಇರುವುದರಿಂದಲೇ ಆ ಬೆಳಕಿಗೆ ಅಷ್ಟು ಕಾಂತಿ.

ಬರೆದ ಪ್ರತಿ ಚಿತ್ರಕ್ಕೂ ತಾರೀಖು ಹಾಕಿಡಿ. ಹತ್ತನೆಯದನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದಾಗ, ಕೈ ಎಲ್ಲೂ ಹೋಗಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ.