ಸೋಡಚೀಟಿ ಬರೆದರೆ ಕೂಸು ಯಾರದು?

ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಆದರೆ ಆ ಜಗಳ ಹೊಸ್ತಿಲು ದಾಟಿ ಹಿರಿಯರ ಮುಂದೆ ಹೋದಾಗ ಕೂಸಿನ ಪಾಲಿಗೆ ಏನು ಉಳಿಯುತ್ತದೆ ಎಂದು ಎಷ್ಟು ಮಂದಿ ವಿಚಾರ ಮಾಡುತ್ತೇವೆ? ಓದುಗ ಸೋದರಿಯರೇ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಗಳನ್ನು ಕೊಟ್ಟವರೂ ಸೊಸೆಯನ್ನು ತಂದವರೂ ತಿಳಿದಿರಬೇಕಾದ ನಾಲ್ಕು ಮಾತು ಇಲ್ಲಿವೆ. ನಿಮ್ಮ ಮನೆಗೆ ಇಂಥ ಪ್ರಸಂಗ ಬಾರದಿರಲಿ. ನೆರೆಮನೆಯವರಿಗೆ ತಿಳಿಹೇಳಲಿಕ್ಕಾದರೂ ಇವು ಬೇಕಾಗುತ್ತವೆ.

ಛಾಪಾ ಕಾಗದದ ಬಿಡುಗಡೆ

ಹೊಂದಾಣಿಕೆ ಆಗಲಿಲ್ಲವೆಂದರೆ ಎರಡೂ ಕಡೆಯ ಹಿರಿಯರು ಕೂಡಿ, ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆಸುವುದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಇಬ್ಬರ ಸಹಿ, ಸಾಕ್ಷಿದಾರರ ಸಹಿ ಆದಮೇಲೆ "ಇನ್ನ ಮುಗೀತು, ನೀ ಬ್ಯಾರೆ, ಅಂವ ಬ್ಯಾರೆ" ಎಂದು ಎದ್ದುಬಿಡುತ್ತಾರೆ. ನಿಜಕ್ಕೂ ಮುಗಿಯಿತೇ? ಇಲ್ಲ.

1955ರ ಹಿಂದೂ ವಿವಾಹ ಕಾಯದೆಯ ಪ್ರಕಾರ ವಿಚ್ಛೇದನ ಕೊಡಬೇಕಾದದ್ದು ಕೋರ್ಟು. ಸಮಾಜದ ರೂಢಿಯ ಬಿಡುಗಡೆಗೂ ಅದರ 29ನೆಯ ಕಲಮಿನಲ್ಲಿ ಜಾಗವಿದೆ, ನಿಜ. ಆದರೆ ಅಂಥ ರೂಢಿ ತಮ್ಮಲ್ಲಿ ಹಳೆಯ ಕಾಲದಿಂದ ನಡೆದುಬಂದಿದೆಯೆಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. ಕಾಗದಕ್ಕೆ ನೋಟರಿಯ ಸಿಕ್ಕೆ ಬಿದ್ದ ಮಾತ್ರಕ್ಕೆ ಅದು ವಿಚ್ಛೇದನ ಆಗುವುದಿಲ್ಲ. ಆ ಚೀಟಿಯನ್ನೇ ನಂಬಿ ಉಡಕಿ ಮಾಡಿಕೊಂಡರೆ ಆ ಎರಡನೆಯ ಸಂಬಂಧವೇ ಅಸಿಂಧುವಾಗಬಹುದು. ಮುಂದೆ ಪಿಂಚಣಿ, ಆಸ್ತಿಯ ಮಾತು ಬಂದಾಗ ಕಣ್ಣೀರು ಹಾಕುವವಳು ಹೆಣ್ಣುಮಗಳೇ.

ಕೋರ್ಟಿನ ವಿಚ್ಛೇದನ ನಮ್ಮ ಭಾಗಕ್ಕೆ ಇತ್ತೀಚಿನದೇನೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, ದೇಶಕ್ಕೆಲ್ಲ ಕಾಯದೆ ಬರುವ 8 ವರ್ಷ ಮೊದಲೇ, 1947ರಲ್ಲಿ ಮುಂಬಯಿ ಹಿಂದೂ ವಿಚ್ಛೇದನ ಕಾಯದೆ ಬಂದಿತ್ತು. ಆಗ ಸಂಸ್ಥಾನವಾಗಿದ್ದ ರಾಮದುರ್ಗ 1948ರಲ್ಲಿ ಆ ಪ್ರಾಂತಕ್ಕೆ ಸೇರಿತು. ಅಂದರೆ ನಮ್ಮ ಅಜ್ಜಿಯರ ಕಾಲಕ್ಕೇ ಈ ಬಾಗಿಲು ತೆರೆದಿತ್ತು.

ಇಬ್ಬರೂ ಒಪ್ಪಿದ್ದರೆ ದಾರಿ ಇನ್ನೂ ಸಲೀಸು. ಒಂದು ವರ್ಷ ಬೇರೆಯಾಗಿದ್ದು, ಪರಸ್ಪರ ಸಮ್ಮತಿಯ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವಿದೆ. ಕೂಡಿ ಬಾಳುವ ದಾರಿಯೇ ಇಲ್ಲದ, ಮಗು-ಜೀವನಾಂಶದ ಮಾತು ಇತ್ಯರ್ಥವಾದ ಪ್ರಕರಣಗಳಲ್ಲಿ ಕೋರ್ಟು ಈ ಅವಧಿಯನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

"ಐದು ವರ್ಷ ಆತಂದ್ರ ಕೂಸನ್ನ ಅವರಿಗೇ ಕೊಡಬೇಕಂತ, ಖರೇನ?"

ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯದೆ ಹೇಳುತ್ತದೆ. ಆದರೆ ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕೆಂದು ಎಲ್ಲಿಯೂ ಬರೆದಿಲ್ಲ. ಅದೇ ಕಾಯದೆಯ 13ನೆಯ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ. ಯಾರ ಹೊಲ ಎಷ್ಟು ಎಕರೆ ಎಂಬುದೊಂದರಿಂದಲೇ ತೀರ್ಮಾನ ಆಗುವುದಿಲ್ಲ. ಯಾರು ಉಣಿಸಿ ಉಡಿಸುತ್ತಾರೆ, ಶಾಲೆ ತಪ್ಪದಂತೆ ಯಾರು ನೋಡಿಕೊಳ್ಳುತ್ತಾರೆ, ಕೂಸು ಯಾರ ಹತ್ತಿರ ಅಂಜಿಕೆಯಿಲ್ಲದೆ ಇರುತ್ತದೆ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಿನ ಮನಸ್ಸನ್ನೂ ಕೇಳುತ್ತಾರೆ.

"ಕೂಸು ಅವರಿಗೆ ಬಿಟ್ಟೀನಿ" ಎಂದು ಚೀಟಿಯಲ್ಲಿ ಬರೆದುಕೊಟ್ಟ ತಾಯಿ ಎದೆಗುಂದಬೇಕಾಗಿಲ್ಲ. ಆ ಬರಹ ಕೋರ್ಟಿನ ಕೈ ಕಟ್ಟುವುದಿಲ್ಲ. ಹಿತ ಎಲ್ಲಿದೆಯೆಂದು ಕೋರ್ಟು ಹೊಸದಾಗಿ ನೋಡಬಹುದು. ಕೋರ್ಟು ಕೊಟ್ಟ ಆದೇಶವನ್ನು ಸಹ ಪರಿಸ್ಥಿತಿ ಬದಲಾದರೆ ಮಾರ್ಪಡಿಸಿಕೊಳ್ಳಲು ಬರುತ್ತದೆ.

ಅತ್ತೆಯರೇ, ತಾಯಂದಿರೇ, ಇನ್ನೊಂದು ಮಾತು. ಕೂಸನ್ನು ಸೇಡಿನ ಆಯುಧ ಮಾಡಿಕೊಳ್ಳಬೇಡಿರಿ. ತಂದೆಯ ಹತ್ತಿರವಿದ್ದರೆ ತಾಯಿಗೆ, ತಾಯಿಯ ಹತ್ತಿರವಿದ್ದರೆ ತಂದೆಗೆ ಭೇಟಿಯ ಅವಕಾಶವನ್ನು ಕೋರ್ಟು ಸಾಮಾನ್ಯವಾಗಿ ಕೊಡುತ್ತದೆ. ದೂರದಲ್ಲಿರುವವರಿಗೆ ವಿಡಿಯೋ ಕರೆಯಲ್ಲಿ ಮಾತಾಡುವ ಅವಕಾಶ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2013ರ ಒಂದು ತೀರ್ಪಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ವರ್ಷದಲ್ಲಿ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಮಗು ಇರಲೆಂದು ಹಂಚಿಕೊಟ್ಟಿತ್ತು. ಮಗುವಿಗೆ ಇಬ್ಬರೂ ಬೇಕು.

ಅವ್ವನ ಸಹಿ ನಡೆಯುತ್ತದೆಯೇ?

ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತು. ಅವರು ಸುಮ್ಮನಾಗದೆ ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಜೀವಂತನಿದ್ದರೂ ಮಗುವಿನ ಜವಾಬ್ದಾರಿ ನೋಡದಿದ್ದರೆ ತಾಯಿಯೇ ಸಹಜ ಪಾಲಕಿ ಆಗಬಲ್ಲಳು ಎಂದು 1999ರಲ್ಲಿ ತೀರ್ಪು ಬಂತು.

ಪೋಟಗಿಯ ಮಾತು

"ಏನೂ ಬೇಡ, ಬಿಟ್ಟರೆ ಸಾಕು" ಎಂದು ಬರೆದುಕೊಡುವ ಹೆಣ್ಣುಮಕ್ಕಳು ಬಹಳ. ತಂದೆಯಿಂದ ಜೀವನಾಂಶ ಪಡೆಯುವ ಹಕ್ಕು ಮಗುವಿನದು. ಅದನ್ನು ಬಿಟ್ಟುಕೊಡಲು ತಾಯಿಗೂ ಬರುವುದಿಲ್ಲ. ಮೊದಲು 125ನೆಯ ಕಲಮು ಎನ್ನುತ್ತಿದ್ದ ಪೋಟಗಿಯ ಅರ್ಜಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಇದು ಯಾವ ಧರ್ಮದ ತಾಯಿಗೂ ಮಗುವಿಗೂ ಅನ್ವಯಿಸುತ್ತದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು, ಇಬ್ಬರೂ ತಮ್ಮ ಆದಾಯ-ಆಸ್ತಿಯ ಪ್ರಮಾಣಪತ್ರ ಸಲ್ಲಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಅಪ್ಪಣೆ ಮಾಡಿದೆ. ಆದ್ದರಿಂದ ಅರ್ಜಿಗೆ ತಡ ಮಾಡಿದಷ್ಟೂ ನಷ್ಟ ನಿಮಗೇ.

ತವರಿನವರು ಹಾಕಿದ ಬಂಗಾರ, ಕೊಟ್ಟ ಪಾತ್ರೆ-ಪಗಡ ಸ್ತ್ರೀಧನ. ಅದು ಅವಳೊಬ್ಬಳದೇ ಸೊತ್ತು. ಕೇಳಿ ಪಡೆಯಲು ನಾಚಿಕೆ ಬೇಡ.

ಎಲ್ಲಿಗೆ ಹೋಗಬೇಕು?

ಕಿತ್ತೂರಿನ ತವರಿಗೆ ಬಂದು ಕುಳಿತ ಮಗಳ ಗಂಡನ ಊರು ರಾಮದುರ್ಗವಾಗಿರಲಿ, ಪುಣೆಯಾಗಿರಲಿ, ಅವಳು ಅಲ್ಲಿಗೆ ಅಲೆಯಬೇಕಾಗಿಲ್ಲ. ತಾನಿರುವ ಊರು ಯಾವ ಕೋರ್ಟಿಗೆ ಸೇರುತ್ತದೆಯೋ ಅಲ್ಲಿಯೇ ವಿಚ್ಛೇದನದ ಅರ್ಜಿ ಹಾಕಬಹುದೆಂದು 2003ರಲ್ಲಿ ಕಾಯದೆ ತಿದ್ದುಪಡಿ ಆಯಿತು. ಪೋಟಗಿಯ ಅರ್ಜಿಯನ್ನೂ ತಾನಿರುವ ಕಡೆಯೇ ಹಾಕಬಹುದು. ಮಗುವಿನ ಪಾಲನೆಯ ಅರ್ಜಿ ಮಾತ್ರ ಸಾಮಾನ್ಯವಾಗಿ ಮಗು ವಾಸಿಸುವ ಊರಿನ ಮೇಲೆ ಹೋಗುತ್ತದೆ.

ವಕೀಲರ ಫೀಸಿನ ಚಿಂತೆಯೇ? ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯದೆ ಹೇಳುತ್ತದೆ. ನಿಮ್ಮ ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ. ಇಲ್ಲವೆ 15100ಕ್ಕೆ ಫೋನು ಮಾಡಿರಿ. ಮನೆಯಲ್ಲಿ ಹೊಡೆತ-ಬಡಿತವಿದ್ದರೆ ಮಹಿಳಾ ಸಹಾಯವಾಣಿ 181.

ಇವನ್ನು ಜೋಪಾನವಾಗಿ ಎತ್ತಿಡಿರಿ:

• ಲಗ್ನಪತ್ರಿಕೆ, ಲಗ್ನದ ಫೋಟೋ, ಕೊಟ್ಟು-ತಂದ ಯಾದಿ, ಬಂಗಾರದ ಪಾವತಿಗಳು.
• ಮಗುವಿನ ಜನನ ದಾಖಲೆ, ಶಾಲೆಯ ಮತ್ತು ದವಾಖಾನೆಯ ಕಾಗದಗಳು.
• ಗಂಡನ ಸಂಬಳದ ಚೀಟಿ, ಹೊಲದ ಉತಾರ ಸಿಕ್ಕಿದರೆ ಅವುಗಳ ನಕಲು.
• ಓದದೆ, ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಬೇಡ. ಖಾಲಿ ಛಾಪಾ ಕಾಗದಕ್ಕಂತೂ ಬೇಡವೇ ಬೇಡ.

ಹಿರಿಯರ ಮಾತಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಅವರು ಕೂಡಿ ಮಾಡಿದ ತೀರ್ಮಾನ ಎರಡೂ ಮನೆಗಳ ಮಾನ ಉಳಿಸೀತು. ಆದರೆ ಆ ತೀರ್ಮಾನವನ್ನು ಕೋರ್ಟಿನ ಮುಂದಿಟ್ಟು ಆದೇಶ ಮಾಡಿಸಿಕೊಳ್ಳಿರಿ. ಆಗ ಕೊಟ್ಟ ಮಾತಿಗೆ ತಪ್ಪಿದವರನ್ನು ಕೇಳುವ ಹಕ್ಕು ನಿಮ್ಮ ಕೈಯಲ್ಲಿರುತ್ತದೆ, ಕೂಸಿನ ಅನ್ನ-ಅಕ್ಷರಕ್ಕೂ ಒಂದು ಆಧಾರ ಇರುತ್ತದೆ.